ಪರನಾಡಿನ ರಸ್ತೆಯೂ ನಮ್ಮ ಮನಸ್ಸಾಕ್ಷಿಯೂ



ನಿಮ್ಮ ಮನೆಗೆ ಒಂದು ದಂಡದ ನೋಟೀಸು ಬಂದಿದೆ ಎಂದುಕೊಳ್ಳಿ. ಕಳುಹಿಸಿದವರು ಸುಮಾರು ಏಳು ಸಾವಿರ ಕಿಲೋಮೀಟರ್ ದೂರದ ಊರಿನವರು. ಆ ಊರಿಗೆ ನೀವು ಮತ್ತೆ ಹೋಗುವ ಸಂಭವವಿಲ್ಲ. ವಸೂಲಿಗೆಂದು ನಿಮ್ಮ ಬಾಗಿಲಿಗೆ ಯಾರಾದರೂ ಬರುವುದೂ ಅನುಮಾನ. ಆ ದಂಡವನ್ನು ನೀವು ಕಟ್ಟುತ್ತೀರಾ?

ನಮ್ಮ ಮನೆಯಲ್ಲಿ ಈ ಪ್ರಶ್ನೆ ನಿಜವಾಗಿಯೇ ಎದ್ದಿತು. 2024ರ ಮೇ ತಿಂಗಳಿನಲ್ಲಿ ನಾನು, ನನ್ನ ಪತ್ನಿ, ಮಗ, ಸೊಸೆ ನಾಲ್ವರೂ ಇಟಲಿಗೆ ಹೋಗಿದ್ದೆವು. ನಮ್ಮ ಮದುವೆಯಾಗಿ ನಲವತ್ತು ವರ್ಷ ತುಂಬಿದ ಕೃತಜ್ಞತೆಗೆ ರೋಮ್, ಅಸ್ಸಿಸಿ, ಪಾದುವಾ ನೋಡಿ ಬರಬೇಕೆಂಬ ಹರಕೆ. ಟೂರ್ ಬಸ್ಸಿನವರ ಗಡಿಬಿಡಿ ವಯಸ್ಸಾದವರಿಗೆ ಬೇಡವೆಂದು ಮಗ ಬಾಡಿಗೆ ಕಾರು ಗೊತ್ತು ಮಾಡಿದ, ತಾನೇ ಓಡಿಸಿದ. ಒಂಬತ್ತು ತಿಂಗಳು ಕಳೆದು, ಯಾತ್ರೆಯ ಫೋಟೋಗಳನ್ನು ನೆಂಟರಿಷ್ಟರಿಗೆಲ್ಲ ತೋರಿಸಿ ಮುಗಿದ ಮೇಲೆ, 2025ರ ಫೆಬ್ರವರಿಯಲ್ಲಿ ಅಂಚೆಯವನು ಒಂದು ಲಕೋಟೆ ತಂದು ಸಹಿ ಹಾಕಿಸಿಕೊಂಡು ಹೋದ. ಕಾರಿನ ನಂಬರು, ದಿನಾಂಕ, ಗಂಟೆ, ನಿಮಿಷ ಎಲ್ಲವೂ ಅದರಲ್ಲಿದ್ದವು. ಅನುಮತಿಯಿಲ್ಲದೆ ನಿರ್ಬಂಧಿತ ವಲಯವನ್ನು ಪ್ರವೇಶಿಸಿದ ತಪ್ಪಿಗೆ ದಂಡ, ಅಂಚೆಯ ಖರ್ಚು ಸೇರಿ ನೂರು ಯೂರೋಗೆ ಹತ್ತಿರ. ನಮ್ಮ ಹಣದಲ್ಲಿ ಒಂಬತ್ತು ಸಾವಿರ ರೂಪಾಯಿ. ಐದು ದಿನದೊಳಗೆ ಕಟ್ಟಿದರೆ ದಂಡದಲ್ಲಿ ನೂರಕ್ಕೆ ಮೂವತ್ತು ಭಾಗ ಕಡಿತ ಎಂದೂ ಬರೆದಿತ್ತು. ಆ ಐದು ದಿನಗಳನ್ನು ನಾವು ಚರ್ಚೆಯಲ್ಲಿಯೇ ಕಳೆದೆವು.

"ಹರಿದು ಬಿಸಾಕಿ ಭಾವ, ಇಟಲಿ ಪೊಲೀಸು ಇಲ್ಲಿಗೆ ಬರ್ತಾನಾ?" ಎಂದ ನನ್ನ ಪತ್ನಿಯ ತಮ್ಮ. ಮಗ, "ಗೊತ್ತಿಲ್ಲದೆ ಆಗಿದ್ದಲ್ವಾ ಅಪ್ಪ? ಬೇಕಂತ ಮಾಡಿದ್ದಲ್ಲವಲ್ಲ" ಎಂದ. ನನ್ನ ಪತ್ನಿ ಯಾವ ಕಡೆಗೂ ಮಾತಾಡಲಿಲ್ಲ. ಲಕೋಟೆಯನ್ನು ಎತ್ತಿ, ಕರೆಂಟ್ ಬಿಲ್ಲು, ನೀರಿನ ಬಿಲ್ಲು ಇಡುವ ಜಾಗದಲ್ಲಿ, ಯೇಸುವಿನ ಪವಿತ್ರ ಹೃದಯದ ಪಟದ ಕೆಳಗೆ ಇಟ್ಟಳು. ಅದೇ ಅವಳ ಅಭಿಪ್ರಾಯವೆಂದು ನಾನು ತಿಳಿದುಕೊಂಡೆ.

ಈಗ ನಮ್ಮ ಧರ್ಮಕೇಂದ್ರಗಳಲ್ಲಿ ಮಕ್ಕಳು ವಿದೇಶದಲ್ಲಿರುವ ಕುಟುಂಬಗಳು ಕಡಿಮೆಯಿಲ್ಲ. ರಜೆಗೆ ಹೋದ ತಂದೆತಾಯಿಯರನ್ನು ಮಕ್ಕಳು ಕಾರಿನಲ್ಲಿ ಕೂರಿಸಿಕೊಂಡು ದೇಶದಿಂದ ದೇಶಕ್ಕೆ ಸುತ್ತಾಡಿಸುತ್ತಾರೆ. ಇಲ್ಲಿಂದಲೇ ಹೋಗಿ ಬಾಡಿಗೆ ಕಾರು ಹಿಡಿಯುವವರೂ ಇದ್ದಾರೆ. ಆದ್ದರಿಂದ ನಮ್ಮ ಮನೆಯ ಈ ಚರ್ಚೆ ನಿಮಗೂ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ಮೊದಲು ನಮ್ಮ ತಪ್ಪು ಏನೆಂದು ಹೇಳಿಬಿಡುತ್ತೇನೆ. ಇಟಲಿಯ ಹಳೆಯ ಪಟ್ಟಣಗಳ ನಡುಭಾಗದ ಬೀದಿಗಳು ಎತ್ತಿನ ಗಾಡಿ, ಕುದುರೆಗಳ ಕಾಲದವು. ಅಲ್ಲಿ ಎಲ್ಲರ ಕಾರೂ ನುಗ್ಗಿದರೆ ಆ ಬೀದಿಯಲ್ಲಿ ವಾಸವಿರುವ ಮುದುಕರು ಬಾಗಿಲು ದಾಟಿ ಹೊರಗೆ ಬರುವಂತಿಲ್ಲ. ಅದಕ್ಕಾಗಿ ರೋಮ್, ಫ್ಲಾರೆನ್ಸ್, ಪೀಸಾ, ಸಿಯೆನಾ ಮೊದಲಾದ ಅನೇಕ ಊರುಗಳಲ್ಲಿ ಸೀಮಿತ ಸಂಚಾರ ವಲಯವೆಂದು ಗೊತ್ತುಮಾಡಿದ್ದಾರೆ. ಫಲಕದ ಮೇಲೆ ಜೆಡ್.ಟಿ.ಎಲ್. ಎಂಬ ಮೂರಕ್ಷರ, ಬಿಳಿಯ ಹಿನ್ನೆಲೆಗೆ ಕೆಂಪು ಉಂಗುರ. ಅಲ್ಲಿನ ನಿವಾಸಿಗಳಿಗೂ ಅನುಮತಿ ಪಡೆದವರಿಗೂ ಮಾತ್ರ ಕಾರಿನ ಪ್ರವೇಶ. ಕಾವಲಿಗೆ ಪೊಲೀಸರು ಇರುವುದಿಲ್ಲ, ಕ್ಯಾಮೆರಾ ಇರುತ್ತದೆ. ಅನುಮತಿಯಿಲ್ಲದೆ ಒಳಹೊಕ್ಕರೆ ದಂಡ. ಒಳಗಡೆಯ ಹೋಟೆಲಿನಲ್ಲಿ ಕೋಣೆ ಹಿಡಿದವರಾದರೆ ಅನೇಕ ಊರುಗಳಲ್ಲಿ ಹೋಟೆಲಿನವರೇ ಕಾರಿನ ನಂಬರನ್ನು ನಗರಸಭೆಗೆ ತಿಳಿಸಿ ಅನುಮತಿ ಕೊಡಿಸುತ್ತಾರೆ. ಆದರೆ ನಾವು ಕೇಳಬೇಕು.

ನಾವು ಹೊಕ್ಕ ಊರಿನಲ್ಲಿ ಫಲಕದ ಪಕ್ಕದಲ್ಲಿ ದೀಪದ ಅಕ್ಷರಗಳಲ್ಲಿ 'ವಾರ್ಕೊ ಅತ್ತೀವೊ' ಎಂದಿತ್ತು. ವಾರ್ಕೊ ಅಂದರೆ ಪ್ರವೇಶದ್ವಾರ ಎಂದು ಸೊಸೆ ಫೋನಿನಲ್ಲಿ ನೋಡಿ ಹೇಳಿದಳು. ದ್ವಾರ ಚಾಲ್ತಿಯಲ್ಲಿದೆ, ಅಂದರೆ ತೆರೆದಿದೆ ಎಂದು ನಾವು ನಾಲ್ವರೂ ಅರ್ಥ ಮಾಡಿಕೊಂಡೆವು. ಅದರ ಅರ್ಥ ತದ್ವಿರುದ್ಧ: ಕಾವಲು ಚಾಲ್ತಿಯಲ್ಲಿದೆ, ಒಳಗೆ ಬರಬೇಡಿ. 'ನೊನ್ ಅತ್ತೀವೊ' ಎಂದು ಇದ್ದಾಗ ಮಾತ್ರ ಹೋಗಬಹುದಿತ್ತು. ಎರಡು ಪದದ ಅರ್ಥ ತಪ್ಪಿದ್ದಕ್ಕೆ ಒಂಬತ್ತು ಸಾವಿರ ರೂಪಾಯಿ!

ಹಾಗಾದರೆ ಮಗ ಹೇಳಿದ್ದು ಸರಿಯೇ? ಗೊತ್ತಿಲ್ಲದೆ ಮಾಡಿದ್ದು ತಪ್ಪಲ್ಲವೇ?

ಧರ್ಮಸಭೆಯ ನೀತಿಬೋಧಕರು ಅಜ್ಞಾನವನ್ನು ಎರಡಾಗಿ ವಿಂಗಡಿಸಿದ್ದಾರೆ. ಎಷ್ಟು ಪ್ರಯತ್ನಿಸಿದರೂ ನೀಗಲಾಗದ ಅಜ್ಞಾನ ಒಂದು. ಸ್ವಲ್ಪ ಶ್ರಮಪಟ್ಟರೆ ನೀಗಬಹುದಾಗಿದ್ದ ಅಜ್ಞಾನ ಇನ್ನೊಂದು. ಮೊದಲನೆಯದಕ್ಕೆ ಹೊಣೆಯಿಲ್ಲ, ಎರಡನೆಯದಕ್ಕೆ ಇದೆ. ಸತ್ಯವನ್ನೂ ಒಳ್ಳೆಯದನ್ನೂ ತಿಳಿಯಲು ಗಮನಕೊಡದೆ ಉಳಿದವನು ತನ್ನ ಅಜ್ಞಾನದಿಂದಾದ ಕೆಡುಕಿಗೆ ಉತ್ತರ ಕೊಡಬೇಕೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ. ಸಂತ ಲೂಕರ ಶುಭಸಂದೇಶದ ಹನ್ನೆರಡನೇ ಅಧ್ಯಾಯದಲ್ಲಿ ಯಜಮಾನನ ಮನಸ್ಸು ತಿಳಿಯದೆ ತಪ್ಪು ಮಾಡಿದ ಸೇವಕನಿಗೆ ಏಟು ಕಡಿಮೆ; ಆದರೆ ಪೂರ್ತಿ ಇಲ್ಲವೆಂದಲ್ಲ. ಆ ವಚನವನ್ನು ನಾನು ಎಷ್ಟೋ ಸಲ ಓದಿದ್ದೆ. ಅದು ನನಗೆ ಹೇಳಿದ್ದೆಂದು ಎಂದೂ ಅನಿಸಿರಲಿಲ್ಲ.

ನಮ್ಮದು ಯಾವ ಬಗೆಯ ಅಜ್ಞಾನ? ಹೊರಡುವ ಮೊದಲು ಎರಡು ತಿಂಗಳು ಸಿದ್ಧತೆ ಮಾಡಿದ್ದೆವು. ವೀಸಾ, ವಿಮೆ, ಉಣ್ಣೆಯ ಬಟ್ಟೆ, ಚಕ್ಕುಲಿ, ಪುಳಿಯೋಗರೆ ಗೊಜ್ಜು; ಯಾವ ದೇವಾಲಯದಲ್ಲಿ ಎಷ್ಟು ಗಂಟೆಗೆ ಬಲಿಪೂಜೆ ಎಂಬುದನ್ನು ನಾನು ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದೆ. ಮಗ ಆರ್.ಟಿ.ಓ. ಕಚೇರಿಗೆ ಹೋಗಿ ಸಾವಿರ ರೂಪಾಯಿ ಶುಲ್ಕ ಕಟ್ಟಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿದ. ಒಂದು ವರ್ಷಕ್ಕೆ ಮೀರದ ಅವಧಿಗೆ ಕೊಡುವ ಆ ಪರ್ಮಿಟ್ಟು ಒಂಟಿಯಾಗಿ ನಿಲ್ಲುವುದಿಲ್ಲ, ಜೊತೆಗೆ ನಮ್ಮ ಮೂಲ ಲೈಸೆನ್ಸೂ ಇರಬೇಕು. ಅದು ಕೈಗೆ ಬಂದ ದಿನ ಕಾರಿನ ವಿಷಯ ಮುಗಿಯಿತು ಎಂದುಕೊಂಡೆವು. ಆ ನಾಡಿನಲ್ಲಿ ಹೇಗೆ ಓಡಿಸಬೇಕೆಂದು ಓದಲು ಒಂದು ಸಂಜೆಯನ್ನೂ ನಾವು ಇಡಲಿಲ್ಲ.

ಓದಬೇಕಾದದ್ದು ಹೆಚ್ಚೇನೂ ಇರಲಿಲ್ಲ. ಅಲ್ಲಿ ರಸ್ತೆಯ ಬಲಗಡೆ ಚಲಿಸಬೇಕು. ಸ್ಟಿಯರಿಂಗ್ ಎಡಗಡೆ ಇರುತ್ತದೆ. ಚಾಲಕ ಯಾವಾಗಲೂ ರಸ್ತೆಯ ನಡುಗೆರೆಯ ಕಡೆಗೆ ಇರಬೇಕು ಎಂದು ನೆನಪಿಟ್ಟುಕೊಂಡರೆ ಸುಲಭ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲ ದಾರಿ. ಕೆಂಪು ದೀಪವಿದ್ದಾಗ ಬಲಕ್ಕೆ ತಿರುಗುವ ರಿಯಾಯಿತಿ ಇಲ್ಲ. ಮೋಟಾರು ಹೆದ್ದಾರಿಯಲ್ಲಿ ಗಂಟೆಗೆ 130 ಕಿಲೋಮೀಟರ್. ಮಳೆ ಬಂದರೆ ಅದೇ 110. ಊರ ಹೊರಗಿನ ಸಾಧಾರಣ ರಸ್ತೆಯಲ್ಲಿ 90, ಊರೊಳಗೆ 50. ಊರು ದಾಟಿದ ಮೇಲೆ ಹಗಲಿನಲ್ಲಿಯೂ ಹೆಡ್‌ಲೈಟ್ ಹಾಕಿರಬೇಕು. ಊರೊಳಗೆ ತಕ್ಷಣದ ಅಪಾಯವಿದ್ದಾಗ ಹೊರತು ಹಾರ್ನ್ ಬಾರಿಸಬಾರದು – ನಮ್ಮವರಿಗೆ ಇದು ದೊಡ್ಡ ತಪಸ್ಸು. ಹಿಂದಿನ ಸೀಟಿನವರೂ ಬೆಲ್ಟ್ ಹಾಕಬೇಕು. ಒಂದೂವರೆ ಮೀಟರ್ ಎತ್ತರ ಬೆಳೆಯದ ಮಗುವಿಗೆ ಅದರದೇ ಸೀಟು ಬೇಕು. ತಾಯಿಯ ಮಡಿಲು ಸಾಲದು. ಕಾರು ಕೆಟ್ಟು ನಿಂತರೆ ಹಿಂದೆ ಇಡಲು ಕೆಂಪು ತ್ರಿಕೋನ ಬೇಕು. ಊರ ಹೊರಗೆ ಕತ್ತಲಲ್ಲೋ ಮಂಜಿನಲ್ಲೋ ಇಳಿಯುವವರು ಮೈಮೇಲೆ ಹೊಳೆಯುವ ಜಾಕೀಟು ತೊಡಬೇಕು. ಅದು ಡಿಕ್ಕಿಯ ಸಾಮಾನಿನ ಅಡಿಯಲ್ಲಿದ್ದರೆ ಪ್ರಯೋಜನವಿಲ್ಲ. ಅಪಘಾತವೇನಾದರೂ ಆದರೆ ಕರೆಯಬೇಕಾದ ನಂಬರು 112. ಇನ್ನೊಂದು ಸಣ್ಣ ಮಾತು: ಬಂಕಿನಲ್ಲಿ 'ಬೆಂಜೀನಾ' ಎಂದರೆ ಪೆಟ್ರೋಲು, 'ಗಜೋಲಿಯೊ' ಎಂದರೆ ಡೀಸೆಲ್ಲು.

ಮದ್ಯದ ವಿಷಯದಲ್ಲಿ ಮಾತ್ರ ನಮ್ಮ ದೇಶದ ಕಾನೂನೇ ಬಿಗಿ. ಇಲ್ಲಿ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಇಟಲಿಯಲ್ಲಿ ಆ ಮಿತಿ 50. (ಲೈಸೆನ್ಸು ಪಡೆದು ಮೂರು ವರ್ಷವಾಗದವನಿಗೆ ಅಲ್ಲಿ ಒಂದು ತೊಟ್ಟೂ ಸಲ್ಲದು.) ಮಧ್ಯಾಹ್ನದ ಊಟದ ಜೊತೆ ದ್ರಾಕ್ಷಾರಸ ಅಲ್ಲಿಯ ರೂಢಿ. ಅತಿಥಿಗೆ ಆ ಸಡಿಲಿಕೆಯನ್ನು ಬಳಸಿಕೊಳ್ಳಲೇಬೇಕೆಂಬ ಕಡ್ಡಾಯವೇನಿಲ್ಲ. ಮಗ ಊಟದಲ್ಲಿ ನೀರನ್ನೇ ಕುಡಿದ. ಅಷ್ಟು ವಿವೇಕ ನಮಗೆ ಇತ್ತು.

ಪರನಾಡಿಗೆ ಹೋದವನು ಎಲ್ಲಿಯ ನಿಯಮ ಪಾಲಿಸಬೇಕೆಂಬ ಪ್ರಶ್ನೆ ಕಥೋಲಿಕರಿಗೆ ಹೊಸದಲ್ಲ. ಸಂತ ಆಗಸ್ಟೀನರ ತಾಯಿ ಸಂತ ಮೋನಿಕಾ ಆಫ್ರಿಕದಿಂದ ಮಗನ ಹಿಂದೆ ಮಿಲಾನ್ ನಗರಕ್ಕೆ ಬಂದಾಗ ಗೊಂದಲಕ್ಕೆ ಬಿದ್ದರು. ಅವರ ಊರಿನಲ್ಲಿ ಶನಿವಾರ ಉಪವಾಸ, ಮಿಲಾನಿನಲ್ಲಿ ಇಲ್ಲ. ತಾಯಿಯ ಪರವಾಗಿ ಆಗಸ್ಟೀನರು ಅಲ್ಲಿಯ ಮೇತ್ರಾಣಿ ಸಂತ ಅಂಬ್ರೋಸರನ್ನು ಕೇಳಿದರು. ಅಂಬ್ರೋಸರು ತಾವು ನಡೆದುಕೊಳ್ಳುವ ರೀತಿಯನ್ನೇ ಉತ್ತರವಾಗಿ ಹೇಳಿದರು: ಇಲ್ಲಿದ್ದಾಗ ನಾನು ಶನಿವಾರ ಉಪವಾಸ ಮಾಡುವುದಿಲ್ಲ, ರೋಮಿಗೆ ಹೋದಾಗ ಮಾಡುತ್ತೇನೆ, ನೀವೂ ಯಾವ ಸಭೆಗೆ ಹೋದರೆ ಅಲ್ಲಿಯ ಪದ್ಧತಿ ನಡೆಸಿ, ಯಾರಿಗೂ ಎಡವುಗಲ್ಲಾಗಬೇಡಿ. ಈ ಪ್ರಸಂಗವನ್ನು ಆಗಸ್ಟೀನರೇ ಮುಂದೆ ತಮ್ಮ ಪತ್ರಗಳಲ್ಲಿ ಬರೆದಿದ್ದಾರೆ. ರೋಮಿನಲ್ಲಿರುವಾಗ ರೋಮನರಂತಿರು ಎಂದು ಲೋಕವೆಲ್ಲ ಆಡುವ ಗಾದೆ ಆ ಉತ್ತರದಿಂದ ಬೆಳೆದದ್ದು. ನಮ್ಮವರು ಅದನ್ನು ಊಟಬಟ್ಟೆಯ ಸ್ವಾತಂತ್ರ್ಯಕ್ಕೆ ಬಳಸುತ್ತಾರೆ. ಅಂಬ್ರೋಸರು ಹೇಳಿದ್ದು ಉಪವಾಸದ ವಿಷಯಕ್ಕೆ!

ಇನ್ನು ದಂಡದ ಪ್ರಶ್ನೆ. ಇದರ ಬಗ್ಗೆ ನಮ್ಮ ಗುರುಗಳನ್ನು ಕೇಳಿದಾಗ ಅವರು ಒಂದು ಹಳೆಯ ವಾದವನ್ನು ತಿಳಿಸಿದರು. ಹದಿಮೂರನೇ ಶತಮಾನದಲ್ಲಿ ಸಂತ ದೊಮಿನಿಕರ ಸಭೆಯವರು ತಮ್ಮ ನಿಯಮಾವಳಿಯ ಬಗ್ಗೆ ಒಂದು ತೀರ್ಮಾನ ಮಾಡಿಕೊಂಡರಂತೆ: ಈ ನಿಯಮ ಮುರಿದವನಿಗೆ ಪಾಪವಿಲ್ಲ, ಆದರೆ ಗೊತ್ತುಮಾಡಿದ ಶಿಕ್ಷೆಯನ್ನು ಅನುಭವಿಸಬೇಕು. ಇದನ್ನು ಹಿಡಿದು ಮುಂದಿನ ನೀತಿಶಾಸ್ತ್ರಜ್ಞರು ಕೆಲವು ಸರಕಾರಿ ಕಾನೂನುಗಳೂ ಹೀಗೆಯೇ ಎಂದರು. ಯೇಸುಸಭೆಯ ಫ್ರಾನ್ಸಿಸ್ಕೊ ಸ್ವಾರೆಸ್ ಎಂಬ ಮಹಾಪಂಡಿತರು (1548–1617) ಈ ವಾದವನ್ನು ಸಮರ್ಥಿಸಿದವರಲ್ಲಿ ಪ್ರಮುಖರು. ಸುಂಕ, ತೆರಿಗೆ, ಮುಂದೆ ವಾಹನಗಳ ನಿಯಮ – ಇವೆಲ್ಲ ಬರಿಯ ದಂಡದ ಕಾನೂನುಗಳು, ಇವು ಮನಸ್ಸಾಕ್ಷಿಯನ್ನು ಕಟ್ಟುವುದಿಲ್ಲ ಎಂದು ಬಹುಕಾಲ ಅನೇಕರು ಸಮಾಧಾನ ಪಟ್ಟುಕೊಂಡರು.

ಕೇಳಿ ನನ್ನ ಭಾವಮೈದುನನಿಗೆ ಬಹಳ ಸಂತೋಷವಾಯಿತು. ಆದರೆ ಸ್ವಲ್ಪ ಯೋಚಿಸಿ. ಈ ವಾದದಲ್ಲಿ ಅತ್ಯಂತ ಸಡಿಲವಾಗಿದ್ದವರು ಕೂಡ ಒಂದನ್ನು ಬಿಡಲಿಲ್ಲ: ದಂಡವನ್ನು ಕಟ್ಟಬೇಕು. ನಿಯಮ ಮುರಿದದ್ದು ಪಾಪವಲ್ಲ ಎನ್ನುವವನಿಗೆ ದಂಡ ತಪ್ಪಿಸಿಕೊಳ್ಳುವ ದಾರಿ ಮೊದಲೇ ಮುಚ್ಚಿದೆ. ಪಾಪವೂ ಬೇಡ, ದಂಡವೂ ಬೇಡ ಎಂದರೆ ಅದಕ್ಕೆ ಯಾವ ಪಂಡಿತರ ಆಸರೆಯೂ ಇಲ್ಲ.

ರಸ್ತೆಯ ನಿಯಮಕ್ಕೆ ಆ ಹಳೆಯ ವಾದ ಅನ್ವಯಿಸುವುದಿಲ್ಲ ಎನ್ನುವುದೂ ಈಗ ಸ್ಪಷ್ಟವಾಗಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಆಧುನಿಕ ಲೋಕದಲ್ಲಿ ಧರ್ಮಸಭೆಯ ಕುರಿತು ಹೊರಡಿಸಿದ ದಸ್ತಾವೇಜಿನ ಮೂವತ್ತನೇ ಪರಿಚ್ಛೇದದಲ್ಲಿ, ಆರೋಗ್ಯದ ಕಟ್ಟಳೆಗಳನ್ನೂ ವಾಹನಗಳ ಕಟ್ಟಳೆಗಳನ್ನೂ ಹಗುರವಾಗಿ ಕಾಣುವವರು ತಮ್ಮ ಜೀವಕ್ಕೂ ಪರರ ಜೀವಕ್ಕೂ ಅಪಾಯ ತರುತ್ತಾರೆ ಎಂದು ಎಚ್ಚರಿಸಿದೆ. ಕುಡಿದೋ ವೇಗದ ಮೋಹದಿಂದಲೋ ಜೀವಗಳನ್ನು ಅಪಾಯಕ್ಕೆ ಒಡ್ಡುವವರ ದೋಷ ಗಂಭೀರವೆಂದು ಧರ್ಮೋಪದೇಶ ಗ್ರಂಥದ 2290ನೇ ಕಲಂ ಹೇಳುತ್ತದೆ. 2007ರ ಜೂನಿನಲ್ಲಿ ವ್ಯಾಟಿಕನ್ನಿನ ವಲಸಿಗರ ಹಾಗೂ ಸಂಚಾರಿಗಳ ಪಾಲನಾ ಮಂಡಳಿಯು ರಸ್ತೆಯ ಮೇಲಿನ ಜನರಿಗಾಗಿ ಒಂದು ಕೈಪಿಡಿಯನ್ನೇ ಪ್ರಕಟಿಸಿ, ಅದರಲ್ಲಿ ಚಾಲಕರಿಗೆ ಹತ್ತು ಕಟ್ಟಳೆಗಳನ್ನು ಕೊಟ್ಟಿತು. ಮೊದಲನೆಯದು ನೀವು ಊಹಿಸುವಂತೆ ಐದನೇ ದೈವಾಜ್ಞೆಯೇ, ಕೊಲ್ಲಬಾರದು. ಪತ್ರಿಕೆಗಳು ಆಗ ಸ್ವಲ್ಪ ತಮಾಷೆ ಮಾಡಿದವು. ನಾನೂ ಓದಿ ನಕ್ಕವನೇ. ಅದರ ಆರನೆಯ ಕಟ್ಟಳೆ ಏನೆಂದು ಆಗ ಗಮನಿಸಿರಲಿಲ್ಲ: ಓಡಿಸುವ ಸ್ಥಿತಿಯಲ್ಲಿಲ್ಲದವನನ್ನು ಓಡಿಸದಂತೆ ಪ್ರೀತಿಯಿಂದ ಒಪ್ಪಿಸಬೇಕು ಎಂಬುದು.

ಇಲ್ಲಿಯವರೆಗೆ ಬರೆದದ್ದನ್ನು ಓದಿದರೆ ಇದು ಒಂಬತ್ತು ಸಾವಿರ ರೂಪಾಯಿಯ ಕಥೆಯೆಂದು ನಿಮಗೆ ಅನಿಸಬಹುದು. ಹೇಳಬೇಕಾದದ್ದು ಇನ್ನೊಂದಿದೆ. ಬರೆಯಲೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ.

ನಮ್ಮ ವಿಮಾನ ರೋಮಿನಲ್ಲಿ ಇಳಿದದ್ದು ಬೆಳಿಗ್ಗೆ. ರಾತ್ರಿಯಿಡೀ ಪ್ರಯಾಣ, ನಡುವೆ ಒಂದು ಕಡೆ ವಿಮಾನ ಬದಲಾವಣೆ. ಮಗ ಕಣ್ಣು ಮುಚ್ಚಿದ್ದು ಒಂದು ಗಂಟೆಯೂ ಇರಲಿಕ್ಕಿಲ್ಲ. ಆ ದಿನ ರೋಮಿನಲ್ಲೇ ತಂಗಿ ಮರುದಿನ ಹೊರಡೋಣ ಎಂದು ಸೊಸೆ ಹೇಳಿದಳು. ನನಗೆ ಆ ಸಂಜೆ ಸಂತ ಫ್ರಾನ್ಸಿಸರ ಸಮಾಧಿಯ ದೇವಾಲಯದಲ್ಲಿ ಪೂಜೆ ಕಾಣಬೇಕಿತ್ತು. ನನ್ನ ಪುಸ್ತಕದಲ್ಲಿ ಹಾಗೆ ಬರೆದಿತ್ತು. "ಎರಡೂವರೆ ಗಂಟೆ ದಾರಿ ಅಷ್ಟೇ, ಹೋಗಿ ಮಲಗಿದರಾಯಿತು" ಎಂದೆ. ಮಗ ತಂದೆಗೆ ಎದುರಾಡುವವನಲ್ಲ. ವಿಮಾನ ನಿಲ್ದಾಣದಲ್ಲೇ ಕಾರು ತೆಗೆದುಕೊಂಡು ಹೊರಟೆವು.

ಹೆದ್ದಾರಿಯಲ್ಲಿ ತೊಂದರೆಯಾಗಲಿಲ್ಲ. ಹೆದ್ದಾರಿಯಲ್ಲಿ ಎಲ್ಲರೂ ಒಂದೇ ಕಡೆಗೆ ಹೋಗುತ್ತಿರುತ್ತಾರೆ, ಎಡಬಲದ ನೆನಪನ್ನು ರಸ್ತೆಯೇ ಮಾಡಿಕೊಡುತ್ತದೆ. ಅಸ್ಸಿಸಿಯ ಬೆಟ್ಟ ದೂರದಿಂದ ಕಾಣಿಸಿದ ಮೇಲೆ ಒಂದು ಸಣ್ಣ ರಸ್ತೆಯಲ್ಲಿ ಪೆಟ್ರೋಲಿಗೆ ನಿಲ್ಲಿಸಿದೆವು. ಮಧ್ಯಾಹ್ನದ ಹೊತ್ತು, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಬಂಕಿನಿಂದ ಹೊರಬಂದ ಮಗ ನಮ್ಮೂರಿನ ಅಭ್ಯಾಸದಂತೆ ಎಡಗಡೆಯ ಅಂಚಿಗೆ ಹೋದ. ಯಾರಿಗೂ ಅದು ತಪ್ಪೆಂದು ಹೊಳೆಯಲಿಲ್ಲ. ನಾನು ಪಕ್ಕದಲ್ಲಿ ಕೂತು ಬೆಟ್ಟದ ಮೇಲಿನ ದೇವಾಲಯವನ್ನು ಬೆರಳು ಮಾಡಿ ತೋರಿಸುತ್ತಿದ್ದೆ. ನೋಡು ನೋಡು ಎಂದು ಮಗನಿಗೂ ಹೇಳುತ್ತಿದ್ದೆ. ತಿರುವಿನಲ್ಲಿ ಎದುರಿಗೆ ಸೈಕಲ್ಲಿನ ಮೇಲೆ ಒಬ್ಬ ಮುದುಕರು. ಅವರ ದಾರಿಯಲ್ಲಿ, ಅವರ ಕಡೆಯಲ್ಲಿ, ಅವರು ಸರಿಯಾಗಿಯೇ ಬರುತ್ತಿದ್ದರು.

ಮಗ ಬ್ರೇಕು ಒತ್ತಿದ. ಅವರು ಸೈಕಲ್ಲನ್ನು ಹುಲ್ಲಿಗೆ ಇಳಿಸಿ ಬಿದ್ದರು. ಕಾರಿಗೂ ಅವರಿಗೂ ನಡುವೆ ಒಂದು ಮಾರು ಜಾಗವೂ ಇರಲಿಲ್ಲ. ನಾವು ಓಡಿಹೋಗಿ ಎತ್ತಿದೆವು. ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ನನ್ನ ಪತ್ನಿ ಅಳುತ್ತಾ ಕನ್ನಡದಲ್ಲೇ ಕ್ಷಮೆ ಕೇಳಿದಳು. ಆಸ್ಪತ್ರೆಗೆ ಹೋಗೋಣವೆಂದು ಸನ್ನೆ ಮಾಡಿದರೆ ಅವರು ಒಲ್ಲೆನೆಂದು ತಲೆಯಾಡಿಸಿದರು. ಕಾರಿನ ಕನ್ನಡಿಗೆ ನಾವು ತೂಗುಹಾಕಿದ್ದ ಜಪಸರವನ್ನು ನೋಡಿದರು. ಆಮೇಲೆ ಮಗನ ಭುಜ ಹಿಡಿದು, ರಸ್ತೆಯ ಬಲಗಡೆಯನ್ನು ಕೈಯಿಂದ ಎರಡು ಸಲ ತೋರಿಸಿ, ಸೈಕಲ್ಲು ಏರಿ ಹೋದರು. ಹೆಸರನ್ನು ಕೇಳಬೇಕೆಂದು ನಮಗೆ ಹೊಳೆದದ್ದು ಅವರು ತಿರುವು ದಾಟಿದ ಮೇಲೆ.

ಆ ಸಂಜೆಯ ಪೂಜೆಗೆ ಸರಿಯಾದ ಸಮಯಕ್ಕೆ ತಲುಪಿದೆವು. ಯಾವ ವಾಚನ ಓದಿದರೆಂದು ನನಗೆ ನೆನಪಿಲ್ಲ.

ಈಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಖಾಲಿ ಬೀದಿಯೊಂದರಲ್ಲಿ ನೂರು ಮೀಟರ್ ಹೋದದ್ದಕ್ಕೆ ಸರಕಾರ ನಿಮಿಷದ ಲೆಕ್ಕ ಸಮೇತ ಪತ್ರ ಕಳುಹಿಸಿತು. ಒಬ್ಬ ಮನುಷ್ಯನ ಜೀವ ಒಂದು ಮಾರಿನಲ್ಲಿ ಉಳಿದದ್ದಕ್ಕೆ ಯಾವ ಪತ್ರವೂ ಬರಲಿಲ್ಲ. ಕ್ಯಾಮೆರಾ ಇದ್ದದ್ದು ಅಲ್ಲಿ, ಇಲ್ಲಿ ಇರಲಿಲ್ಲ. ನಮ್ಮ ಮನೆಯವರು ಐದು ದಿನ ವಾದ ಮಾಡಿದ್ದು ಮೊದಲನೆಯದರ ಬಗ್ಗೆ. ಎರಡನೆಯದನ್ನು ಊರಿಗೆ ಬಂದ ಮೇಲೆ ಯಾರಿಗೂ ಹೇಳಿರಲಿಲ್ಲ. ಫೋಟೋ ತೋರಿಸುವಾಗ ಆ ದಿನದಿಂದ ನೇರವಾಗಿ ದೇವಾಲಯದ ಚಿತ್ರಕ್ಕೆ ದಾಟಿಬಿಡುತ್ತಿದ್ದೆವು.

ಪಾಪನಿವೇದನೆಯಲ್ಲಿ ಇದನ್ನು ಹೇಳಿದೆ. ಗುರುಗಳು ಕೇಳಿದ್ದು ಒಂದೇ ಪ್ರಶ್ನೆ: "ಕಾರು ಓಡಿಸುತ್ತಿದ್ದವರು ಯಾರು?" ಮಗ ಎಂದೆ. ಎಂದ ಕೂಡಲೇ, ಅದು ಪೂರ್ತಿ ನಿಜವಲ್ಲ ಎಂದು ನನಗೇ ಅನಿಸಿತು. ನಿದ್ದೆಯಿಲ್ಲದವನ ಕೈಗೆ ಸ್ಟಿಯರಿಂಗ್ ಕೊಟ್ಟದ್ದು ನನ್ನ ಹಟ. ಆ ಹಟ ಪೂಜೆಯ ಹೆಸರಿನಲ್ಲಿ ಇದ್ದದ್ದರಿಂದ ಯಾರೂ ಬೇಡವೆನ್ನಲಾಗಲಿಲ್ಲ. ಮನೆಯ ಹಿರಿಯರೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಪುಣ್ಯಕ್ಷೇತ್ರಕ್ಕೆ ಬೇಗ ತಲುಪಬೇಕೆಂಬ ನಮ್ಮ ಆತುರ ಮಕ್ಕಳ ಕಾಲಿನ ಮೇಲೆ ಭಾರವಾಗಿ ಆಕ್ಸಿಲರೇಟರನ್ನು ಒತ್ತುತ್ತದೆ. ವೇಳಾಂಕಣ್ಣಿಗೆ ರಾತ್ರಿ ಹೊರಡುವ ವ್ಯಾನುಗಳಲ್ಲಿ ಮುಂದಿನ ಸೀಟಿನಲ್ಲಿ ಕೂತು, ಬೆಳಗಿನ ಪೂಜೆಗೆ ಸೇರಿಬಿಡೋಣ ಎನ್ನುವವರು ನಾವೇ ಅಲ್ಲವೇ?

ಅಸ್ಸಿಸಿಯಿಂದ ಪಾದುವಾಗೆ ಹೋಗುವಾಗ ಫ್ಲಾರೆನ್ಸಿನ ಹತ್ತಿರ ಹೆದ್ದಾರಿಯ ಪಕ್ಕದಲ್ಲಿ ಒಂದು ದೇವಾಲಯ ಕಂಡೆವು. ಸ್ನಾನಿಕ ಸಂತ ಯೊವಾನ್ನರ ಹೆಸರಿನದು. ಮಿಲಾನಿನಿಂದ ನೇಪಲ್ಸಿಗೆ ಹೋಗುವ ಆ ಹೆದ್ದಾರಿ ಕಟ್ಟುವಾಗ ಪ್ರಾಣ ಕಳೆದುಕೊಂಡ ಕೂಲಿಕಾರರ ನೆನಪಿಗೆ, ಜೊವಾನ್ನಿ ಮಿಕೆಲುಚ್ಚಿ ಎಂಬ ವಾಸ್ತುಶಿಲ್ಪಿಯ ಯೋಜನೆಯಂತೆ 1964ರಲ್ಲಿ ಮುಗಿದದ್ದು. ಕಲ್ಲಿನ ಗೋಡೆ, ಡೇರೆಯಂತೆ ಇಳಿಬಿದ್ದ ಚಾವಣಿ. ಅಲ್ಲಿ ಅರ್ಧ ಗಂಟೆ ಕೂತಿದ್ದೆವು. ರಸ್ತೆಯೊಂದು ಸುಮ್ಮನೆ ಆಗುವುದಿಲ್ಲ. ನಿಯಮವೂ ಹಾಗೆಯೇ ಅಲ್ಲವೇ. ಮಳೆಯಲ್ಲಿ 130ರ ಬದಲು 110 ಎಂದು ಬರೆಯುವ ಮೊದಲು ಮಳೆಯಲ್ಲಿ ಎಷ್ಟು ಕಾರುಗಳು ಜಾರಿರಬೇಕು! ನಾವು ಓದದೆ ಹೋದ ಸಾಲುಗಳೆಲ್ಲ ಯಾರದೋ ಮನೆಯ ದುಃಖದಿಂದ ಹುಟ್ಟಿದ ಸಾಲುಗಳಾಗಿರಬಹುದು.

ಆ ಹೆದ್ದಾರಿಯಲ್ಲಿ ಇನ್ನೊಂದು ಏರ್ಪಾಡು ಇದೆ. ಕೆಲವು ಭಾಗಗಳಲ್ಲಿ ವೇಗವನ್ನು ಒಂದು ಕಡೆ ಅಳೆಯುವುದಿಲ್ಲ. ಎರಡು ಸ್ಥಳಗಳ ನಡುವಿನ ದೂರವನ್ನು ಎಷ್ಟು ಹೊತ್ತಿನಲ್ಲಿ ದಾಟಿದಿರಿ ಎಂದು ಲೆಕ್ಕಹಾಕಿ ಸರಾಸರಿ ವೇಗ ತೆಗೆಯುತ್ತಾರೆ. ಕ್ಯಾಮೆರಾ ಕಂಡಾಗ ನಿಧಾನಿಸಿ ಮತ್ತೆ ಹಾರುವವನಿಗೆ ಅದರಿಂದ ಲಾಭವಿಲ್ಲ. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಗೆ ಕ್ಯಾಮೆರಾಗಳು ಬಂದ ಮೇಲೆ ಕಂಬದ ಹತ್ತಿರ ಎಲ್ಲರೂ ಸಂತರಾಗುವುದನ್ನು ನೀವು ನೋಡಿರುತ್ತೀರಿ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಹದಿಮೂರನೇ ಅಧ್ಯಾಯದಲ್ಲಿ ಅಧಿಕಾರಕ್ಕೆ ವಿಧೇಯರಾಗಲು ಶಿಕ್ಷೆಯ ಭಯವೊಂದೇ ಕಾರಣವಾಗದೆ ಮನಸ್ಸಾಕ್ಷಿಯೂ ಕಾರಣವಾಗಬೇಕು ಎನ್ನುತ್ತಾರೆ. ವಿದೇಶದಲ್ಲಿ ಶಿಸ್ತಿನಿಂದ ಸಾಲು ಹಿಡಿದು ಓಡಿಸಿದ ನಮ್ಮವರು ಇಲ್ಲಿ ಬಂದಿಳಿದ ಮರುದಿನವೇ ಒನ್ ವೇಯಲ್ಲಿ ಎದುರು ನುಗ್ಗುತ್ತಾರಲ್ಲ, ಅವರು ಅಲ್ಲಿಂದ ತಂದದ್ದು ಏನು? 2022ರಲ್ಲಿ ಇಟಲಿಯ ರಸ್ತೆಗಳಲ್ಲಿ ಸತ್ತವರು 3,159 ಜನ. ಅದೇ ವರ್ಷ ನಮ್ಮ ದೇಶದಲ್ಲಿ 1,68,491. ನಮ್ಮ ಜನಸಂಖ್ಯೆ ಅವರ ಇಪ್ಪತ್ತನಾಲ್ಕು ಪಟ್ಟು; ಸಾವು ಐವತ್ತಮೂರು ಪಟ್ಟು.

ವಾಹನಗಳನ್ನು ಆಶೀರ್ವದಿಸುವ ಪದ್ಧತಿ ಅವರಲ್ಲೂ ಇದೆ. ರೋಮಿನ ಸಂತ ಫ್ರಾನ್ಸೆಸ್ಕಾ ಅವರನ್ನು 1925ರಲ್ಲಿ ಹನ್ನೊಂದನೇ ಪಿಯುಸ್ ಜಗದ್ಗುರುಗಳು ಮೋಟಾರು ಚಾಲಕರ ಪಾಲಕಿಯೆಂದು ಘೋಷಿಸಿದರು. ರಾತ್ರಿ ಹೊತ್ತು ನಡೆಯುವಾಗ ದೇವದೂತನೊಬ್ಬ ಅವರ ಮುಂದೆ ಬೆಳಕು ಹಿಡಿಯುತ್ತಿದ್ದನೆಂದು ಐತಿಹ್ಯ. ಮಾರ್ಚ್ 9 ಅವರ ಹಬ್ಬ. ನಮ್ಮಲ್ಲಿ ಹೊಸ ಗಾಡಿ ಬಂದರೆ ಹೂವಿನ ಹಾರ ಹಾಕಿ ದೇವಾಲಯದ ಮುಂದೆ ನಿಲ್ಲಿಸುತ್ತೇವೆ, ಗುರುಗಳು ತೀರ್ಥ ಚಿಮುಕಿಸುತ್ತಾರೆ. ನಮ್ಮ ಬಾಡಿಗೆ ಕಾರಿಗೂ ನನ್ನ ಪತ್ನಿ ಊರಿನಿಂದ ತಂದ ತೀರ್ಥ ಹಾಕಿದ್ದಳು. ಆ ದಿನ ಅಲ್ಲಿ ಕಾಪಾಡಿದ ಕೈ ಯಾವುದೆಂದು ನನಗೆ ಸಂಶಯವಿಲ್ಲ. ಆದರೆ ಆ ಮುದುಕರ ಪ್ರಾಣಕ್ಕಾಗಿ ನಾವು ಮಾಡಬೇಕಿದ್ದ ಕೆಲಸವನ್ನು ಮಾಡದೆ ಎಲ್ಲವನ್ನೂ ತೀರ್ಥಕ್ಕೆ ಬಿಟ್ಟಿದ್ದೆವು.

ದಂಡದ ವಿಷಯಕ್ಕೆ ಮರಳಿ ಬಂದು ಮುಗಿಸುತ್ತೇನೆ. ಐದನೇ ದಿನ ರಾತ್ರಿ ಜಪಸರ ಮುಗಿದ ಮೇಲೆ ಲೂಕರ ಹತ್ತನೇ ಅಧ್ಯಾಯ ತೆಗೆದೆ. ಸಮಾರಿಯದವನ ಕಥೆಯಲ್ಲಿ ಒಂದು ಸಂಗತಿ ನನ್ನ ಗಮನಕ್ಕೆ ಬಂದದ್ದು ಆಗಲೇ: ಅವನೂ ಪರನಾಡಿನ ರಸ್ತೆಯ ಪ್ರಯಾಣಿಕ. ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ಆ ದಾರಿ ಅವನವರ ದಾರಿಯಲ್ಲ. ಛತ್ರದವನಿಗೆ ಎರಡು ದಿನಾರಿ ಕೊಟ್ಟು, ಹೆಚ್ಚು ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎಂದು ಮಾತು ಕೊಟ್ಟ. ಹಿಂದಿರುಗದಿದ್ದರೆ ಅವನನ್ನು ಹುಡುಕಿಕೊಂಡು ಸಮಾರಿಯಕ್ಕೆ ಯಾವ ಛತ್ರದವನೂ ಹೋಗುತ್ತಿರಲಿಲ್ಲ. ಓದಿ ಮುಗಿಸಿದಾಗ ಮಗ ಏನೂ ಹೇಳದೆ ಲಕೋಟೆ ತೆಗೆದುಕೊಂಡು ಕಂಪ್ಯೂಟರಿನ ಮುಂದೆ ಕೂತ. ಕಡಿತದ ಅವಧಿ ಮುಗಿದುಹೋಗಿತ್ತು. ಪೂರ್ತಿ ಹಣ ಕಟ್ಟಿದ. ರಸೀದಿ ಈಗ ಪವಿತ್ರ ಹೃದಯದ ಪಟದ ಕೆಳಗೆ ಕರೆಂಟ್ ಬಿಲ್ಲುಗಳ ಜೊತೆ ಇದೆ.

ಸೈಕಲ್ಲಿನ ಹಿರಿಯರಿಗಾಗಿ ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದು ಪೂಜೆ ಮಾಡಿಸುತ್ತೇವೆ. ಹೆಸರು ಗೊತ್ತಿಲ್ಲದ್ದರಿಂದ ಪೂಜೆಯ ಚೀಟಿಯಲ್ಲಿ 'ಒಬ್ಬರ ಉದ್ದೇಶಕ್ಕಾಗಿ' ಎಂದಷ್ಟೇ ಬರೆಸುತ್ತೇವೆ. ಮಗ ಈಗ ಪೋರ್ಚುಗಲ್ಲಿನ ಫಾತಿಮಾ ಮಾತೆಯ ಕ್ಷೇತ್ರಕ್ಕೆ ಹೋಗುವ ಮಾತಾಡುತ್ತಿದ್ದಾನೆ. ಅಲ್ಲಿಯೂ ರಸ್ತೆಯ ಬಲಗಡೆಯೇ. ಲಿಸ್ಬನ್ನಿನಲ್ಲಿ ಇಳಿದ ದಿನ ವಿಮಾನ ನಿಲ್ದಾಣದ ಹತ್ತಿರವೇ ತಂಗುವುದು, ಕಾರು ತೆಗೆದುಕೊಳ್ಳುವುದು ಮರುದಿನ ತಿಂಡಿಯಾದ ಮೇಲೆ ಎಂದು ಸೊಸೆ ಈಗಲೇ ಬರೆದಿಟ್ಟಿದ್ದಾಳೆ. ಪೂಜೆಯ ಸಮಯದ ಪುಸ್ತಕ ಈ ಸಲ ನನ್ನ ಹತ್ತಿರ ಇಲ್ಲ. ಅದೂ ಅವಳ ಹತ್ತಿರವೇ ಇದೆ.